ಗುರಿ ರಕ್ತದಾಗಿಲ್ಲ, ಮದ್ದಿನ ಅಳತ್ಯಾಗ ಅದ

ಬಹಳ ದಿನ ಆಯ್ತು ಇಲ್ಲಿ ಏನೂ ಗೀಚದೆ. ಕೆಲಸ, ಊರು, ಮತ್ತೆ ಕೆಲಸ... ಮೊನ್ನೆ ಊರಿಗೆ ಹೋಗಿ ಬಂದ ಮೇಲೆ ತಲೆಯಲ್ಲಿ ಒಂದು ಹುಳ ಹೊಕ್ಕಿದೆ. ಅದನ್ನು ನಿಮ್ಮ ತಲೆಗೂ ಬಿಡೋಣ ಅಂತ ಕೂತಿದ್ದೇನೆ :)

ಯಾದಗಿರಿಯಲ್ಲಿ ರೈಲು ಇಳಿದು, ಶಹಾಪುರದ ಮೇಲೆ ಸುರಪುರಕ್ಕೆ ಬಸ್ಸು ಹಿಡಿದಿದ್ದೆ. ಶಹಾಪುರ ಬಂದಾಗ ಎಂದಿನಂತೆ ಮಲಗಿದ ಬುದ್ಧನ ಗುಡ್ಡ ನೋಡುತ್ತಾ ಕೂತಿದ್ದೆ. ಪಕ್ಕದ ಸೀಟಿನ ಹುಡುಗ ಮೊಬೈಲಿನಲ್ಲಿ ಅಮೆರಿಕದವನೊಬ್ಬ ರೈಫಲ್ಲಿನಿಂದ ಗುರಿ ಹೊಡೆಯುವ ವಿಡಿಯೋ ನೋಡುತ್ತಿದ್ದ. ಮಾತಿಗೆ ಮಾತು ಬಂತು. "ನಮಗ ಇವೆಲ್ಲ ಕಲಸೋದು ಬ್ಯಾಡ ಬಿಡ್ರಿ ಕಾಕಾ. ನಾವು ಸುರಪುರದವ್ರು. ಗುರಿ ಅನ್ನೋದು ನಮ್ಮ ರಕ್ತದಾಗ ಅದ" ಅಂದ. ನಾನು ನಕ್ಕು ಸುಮ್ಮನಾದೆ. ಆದರೆ ಆ ಮಾತು ಸುಮ್ಮನಾಗಲಿಲ್ಲ.

ಈ ಮಾತನ್ನು ನಾನು ಸಣ್ಣಂದಿನಿಂದ ಕೇಳಿದ್ದೇನೆ. ಭಾಷಣಗಳಲ್ಲಿ, ಜಯಂತಿಗಳಲ್ಲಿ, ಪುಸ್ತಕಗಳಲ್ಲಿ. ಹೊಗಳಿಕೆಯ ಹಾಗೆ ಕಾಣುತ್ತದೆ. ನನಗೀಗ ಅದು ಹೊಗಳಿಕೆ ಅಲ್ಲ, ಅವಮಾನ ಅಂತ ಅನ್ನಿಸತೊಡಗಿದೆ. ಯಾಕೆ ಅಂತ ಹೇಳುತ್ತೇನೆ.

1705ರಲ್ಲಿ ಔರಂಗಜೇಬ ಸುರಪುರದ ಹತ್ತಿರದ ವಾಗಿನಗೇರಾ ಕೋಟೆಗೆ ಖುದ್ದಾಗಿ ದಂಡು ತಂದ. ಅವನು ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಎರಡು ತಿಂಗಳಿಗೂ ಮೇಲೆ ಹಿಡಿಯಿತು. ಕಡೆಗೆ ಕೋಟೆ ಸಿಕ್ಕಿತು, ಒಳಗಿದ್ದ ಪಿಡ್ಡ ನಾಯಕ ಸಿಗಲಿಲ್ಲ. ಬಾದಶಹನ ದಂಡನ್ನು ಅಷ್ಟು ದಿನ ತಡೆದು ನಿಲ್ಲಿಸಿದವರು ಬೇಡರ ಬಂದೂಕಿನವರು.

ಆ ಬಂದೂಕು ಎಂಥದ್ದು? ಬತ್ತಿ ಹಚ್ಚಿ ಹಾರಿಸುವಂಥದ್ದು. ಪ್ರತಿ ಸಲ ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಗುಂಡು ಹಾಕಬೇಕು, ಕೋಲಿನಿಂದ ಜಡಿಯಬೇಕು, ಕಿವಿಗೆ ಮದ್ದು ಇಡಬೇಕು, ಆಮೇಲೆ ಬತ್ತಿ. ಅಂದರೆ ಪ್ರತಿಯೊಂದು ಗುಂಡೂ ಕೈಯಲ್ಲೇ ತಯಾರಾದ ಗುಂಡು. ಒಂದು ಸಲ ಮದ್ದು ಹೆಚ್ಚು, ಇನ್ನೊಂದು ಸಲ ಕಮ್ಮಿ ಬಿತ್ತೋ, ಒಂದು ಗುಂಡು ಮೇಲೆ, ಇನ್ನೊಂದು ಕೆಳಗೆ. ಕಣ್ಣು ಎಷ್ಟೇ ಚುರುಕಿರಲಿ, ಕೈ ಎಷ್ಟೇ ಗಟ್ಟಿ ಇರಲಿ, ಅಳತೆ ತಪ್ಪಿದರೆ ಗುರಿಯೂ ತಪ್ಪುತ್ತದೆ. ರಕ್ತ ಅಲ್ಲಿ ಏನೂ ಮಾಡುವುದಿಲ್ಲ.

ಇದು ನನಗೆ ಗೊತ್ತಾದದ್ದು ಪುಸ್ತಕದಿಂದ ಅಲ್ಲ, ನಮ್ಮ ಮುತ್ಯಾನಿಂದ. ಮುತ್ಯಾನ ಹತ್ತಿರ ಬೆಳೆ ಕಾಯಲಿಕ್ಕೆ ಲೈಸೆನ್ಸಿನ ಒಂದು ಬಾಯಿಮದ್ದಿನ ಬಂದೂಕು ಇತ್ತು. ಎಲೆಕ್ಷನ್ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಹೋಗಿ ತರುತ್ತಿದ್ದ. ಮದ್ದು ಲೈಸೆನ್ಸಿನ ಅಂಗಡಿಯಿಂದ. ಅದನ್ನು ಅಳೆಯಲಿಕ್ಕೆ ಹೆಬ್ಬೆರಳಿನಷ್ಟು ಹಿತ್ತಾಳೆಯ ಒಂದು ಅಳತೆ.

ಹೊಸ ಮದ್ದು ತಂದಾಗ ಒಂದು ಶಾಸ್ತ್ರ ಇರುತ್ತಿತ್ತು. ಬದುವಿನ ಮೇಲೆ ಮರಳಿನ ಚೀಲ ಇಟ್ಟು ಅದರ ಮೇಲೆ ನಳಿಗೆ. ದೂರದಲ್ಲಿ ಹಳೆ ಗೋಣಿತಟ್ಟು, ಅದರ ಮೇಲೆ ಇದ್ದಿಲಿನ ಒಂದು ಬೊಟ್ಟು. ನಳಿಗೆ ಮುಂದೆ ನೆಲಕ್ಕೆ ಹಳೇ ಬಿಳಿ ಧೋತರ ಹಾಸುತ್ತಿದ್ದ. ಗುಂಡು ಹಾರಿಸಿದ ಮೇಲೆ ಮೊದಲು ನೋಡುತ್ತಿದ್ದದ್ದು ಗೋಣಿತಟ್ಟನ್ನಲ್ಲ, ಧೋತರವನ್ನು! ಉರಿಯದ ಮದ್ದಿನ ಕರಿ ಕಾಳು ಬಿದ್ದಿದ್ದರೆ ಮದ್ದು ಹೆಚ್ಚಾಗಿದೆ ಅಂತ ಲೆಕ್ಕ.

"ಏ ತಮ್ಮಾ, ಮದ್ದು ಹೆಚ್ಚಾದ್ರ ಬಂದೂಕು ಒದೀತದ, ಕಮ್ಮಿ ಆದ್ರ ಉಗುಳ್ತದ. ಇದಕ್ಕ ಎಷ್ಟು ಬೇಕು ಅಂತ ಇದನ್ನ ಕೇಳಬೇಕು, ಮಂದೀನ್ನ ಕೇಳಬಾರ್ದು" ಅಂತಿದ್ದ. ಒಮ್ಮೆ ಮೊದಲನೇ ಗುಂಡೇ ಬೊಟ್ಟಿಗೆ ಬಿತ್ತು. ನಾನು ಕುಣಿದಾಡಿದೆ. "ಸಾಕಲ್ಲ ಮುತ್ಯಾ, ಇದೇ ಅಳತಿ" ಅಂದೆ. "ಒಂದು ಗುಂಡು ಸುಳ್ಳು ಹೇಳ್ತದ. ನಾಕು ಸಲ ಕೇಳು" ಅಂದ. ನಾಲ್ಕು ದಿನ ಕೇಳಿದ. ಮದ್ದು ತುಟ್ಟಿ, ಹಾಗಾಗಿ ದಿನಕ್ಕೊಂದೆರಡೇ.

ವರ್ಷಗಳಾದ ಮೇಲೆ, ಕೈಯಾರೆ ತೋಟಾ ತುಂಬಿಕೊಳ್ಳುವ ವಿದೇಶಿ ಹವ್ಯಾಸಿಗಳ ಬಗ್ಗೆ ಓದುವಾಗ ಮುತ್ಯಾ ನೆನಪಾದ. ಅವರು ಮಾಡುವುದೂ ಇದನ್ನೇ, ತಕ್ಕಡಿ ಮಾತ್ರ ಸೂಕ್ಷ್ಮ. ಅವರ ತೂಕ ಗ್ರೇನ್. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿಯ ಅರ್ಧ ಅಂದುಕೊಳ್ಳಿ. ಅದರಲ್ಲೂ ಒಂದು ಗ್ರೇನಿನ ಮೂರನೇ ಒಂದು ಭಾಗದಷ್ಟು ಏರಿಸುತ್ತಾ ಹೋಗಿ ಹೊಡೆದು ನೋಡುತ್ತಾರೆ. ಕೆಳಗಿನಿಂದ ಮೇಲಕ್ಕೆ ಮಾತ್ರ, ಮೇಲಿನಿಂದ ಕೆಳಕ್ಕೆ ಎಂದೂ ಇಲ್ಲ. ಹೊಗೆ ಇಲ್ಲದ ಈಗಿನ ಮದ್ದಿನಲ್ಲಿ ಸ್ವಲ್ಪ ಹೆಚ್ಚಾದರೂ ಒತ್ತಡ ಕೈಮೀರಿ ಏರುತ್ತದೆ, ಬಂದೂಕೇ ಸಿಡಿಯಬಹುದು.

ಕ್ರೈಟನ್ ಆಡೆಟ್ ಅನ್ನುವವರು ಮಾಡಿದ ಏಣಿ ಪರೀಕ್ಷೆ ಅಂತ ಒಂದಿದೆ. ಸುಮಾರು 20 ತೋಟಾ, ಪ್ರತಿಯೊಂದರಲ್ಲೂ ಚೂರು ಚೂರು ಹೆಚ್ಚು ಮದ್ದು, ಎಲ್ಲವೂ ಒಂದೇ ಗುರಿಗೆ. ಮದ್ದು ಏರಿದರೂ ತೂತುಗಳು ಒಂದೇ ಎತ್ತರದಲ್ಲಿ ಗುಂಪಾಗಿ ಬಿದ್ದ ಜಾಗ ಹುಡುಕಬೇಕು. ಗುಂಡು ಹಾರುವಾಗ ನಳಿಗೆ ಕಂಪಿಸುತ್ತದೆ, ಆ ಕಂಪನಕ್ಕೆ ಹೊಂದುವ ಅಳತೆ ಅದು ಅನ್ನುವುದು ಅವರ ವಾದ. ಡಾನ್ ನ್ಯೂಬೆರಿ ಅನ್ನುವವರದು ಇನ್ನೊಂದು ಕ್ರಮ. (1858ರ ಫೆಬ್ರವರಿಯಲ್ಲಿ ಸುರಪುರದ ಕಾಳಗದಲ್ಲಿ ಸತ್ತ ಇಂಗ್ಲಿಷ್ ಕ್ಯಾಪ್ಟನ್ನನ ಹೆಸರೂ ನ್ಯೂಬೆರಿ! ಕಾಕತಾಳೀಯ, ಅಷ್ಟೆ.)

ಇತ್ತೀಚಿನ ವರ್ಷಗಳಲ್ಲಿ ಇದರ ಮೇಲೆ ದೊಡ್ಡ ಜಗಳ ಎದ್ದಿದೆ. ಜಗಳ ಮದ್ದಿನದಲ್ಲ, ಲೆಕ್ಕದ್ದು. ಒಂದೊಂದು ಅಳತೆಗೆ ಮೂರೇ ಗುಂಡು ಹೊಡೆದು, ಚಿಕ್ಕ ಗುಂಪು ಬಂದದ್ದೇ ಒಳ್ಳೆಯದು ಅಂತ ತೀರ್ಮಾನಿಸುವುದು ಬಹಳ ಜನರ ರೂಢಿ. ಆದರೆ ಒಂದೇ ಬಂದೂಕು, ಒಂದೇ ಮದ್ದು, ಏನೂ ಬದಲಿಸದೆ ಮೂರು ಮೂರು ಹೊಡೆಯುತ್ತಾ ಹೋದರೂ ಒಮ್ಮೆ ಅರ್ಧ ಇಂಚಿನ ಗುಂಪು, ಮತ್ತೊಮ್ಮೆ ಒಂದೂವರೆ ಇಂಚಿನದು ಬರಬಹುದು. ಅದು ಬರೀ ಅದೃಷ್ಟ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ, ಮೂರರ ಗುಂಪಿಗಿಂತ ಹತ್ತರ ಗುಂಪು ಸರಾಸರಿ ಒಂದೂವರೆ ಪಟ್ಟಿಗೂ ಮೇಲೆ ಅಗಲ ಇರುತ್ತದೆ. ಹತ್ತು ಅಳತೆಗಳನ್ನು ಮೂರು ಮೂರು ಗುಂಡಿನಲ್ಲಿ ಪರೀಕ್ಷಿಸಿದರೆ ಯಾವುದೋ ಒಂದು ಗೆದ್ದೇ ಗೆಲ್ಲುತ್ತದೆ. ಗೆದ್ದದ್ದು ಮದ್ದೋ ಅದೃಷ್ಟವೋ ಹೇಗೆ ಗೊತ್ತಾಗಬೇಕು? ಅದೇ ಪರೀಕ್ಷೆ ಮರುದಿನ ಮಾಡಿದರೆ ಬೇರೆಯದೇ ಗೆಲ್ಲಬಹುದು.

ನಮ್ಮ ಮುತ್ಯಾ ಹೇಳಿದ್ದೂ ಇದನ್ನೇ ಅಲ್ಲವಾ? ಒಂದು ಗುಂಡು ಸುಳ್ಳು ಹೇಳುತ್ತದೆ. ಶಾಲೆಗೇ ಹೋಗದ ಮನುಷ್ಯ. ಅವನಿಗೆ ಅದನ್ನು ರಕ್ತ ಹೇಳಿಕೊಟ್ಟಿರಲಿಲ್ಲ. ಅವರಪ್ಪ ಹೇಳಿಕೊಟ್ಟಿದ್ದ, ಸಾವಿರ ಸಲ ಹೊಡೆದು ನೋಡಿದ್ದು ಹೇಳಿಕೊಟ್ಟಿತ್ತು.

ಅದಕ್ಕೇ ನನ್ನ ತಕರಾರು. "ರಕ್ತದಲ್ಲೇ ಇದೆ" ಅಂದುಬಿಟ್ಟರೆ ಆ ಜನ ಪಟ್ಟ ಕಷ್ಟ, ಮಾಡಿದ ಪರೀಕ್ಷೆ, ಕಟ್ಟಿಕೊಂಡ ಲೆಕ್ಕ ಎಲ್ಲವನ್ನೂ ಒರೆಸಿಹಾಕಿದ ಹಾಗೆ. ಹುಲಿಗೆ ಉಗುರು ಇದ್ದ ಹಾಗೆ ಇವರಿಗೆ ಗುರಿ ಇತ್ತು ಅಂದಂತೆ. ಇನ್ನೊಬ್ಬರ ವಿದ್ಯೆಯನ್ನು ವಿಜ್ಞಾನ ಅನ್ನುತ್ತೇವೆ, ನಮ್ಮವರದನ್ನು ರಕ್ತ ಅನ್ನುತ್ತೇವೆ. ಏಕಲವ್ಯನ ಕಥೆಯಲ್ಲೂ ಬೆರಳು ನೆನಪಿಟ್ಟಿದ್ದೇವೆ, ಅವನು ಒಬ್ಬನೇ ಕಾಡಿನಲ್ಲಿ ಮಾಡಿದ ಅಭ್ಯಾಸ ಮರೆತಿದ್ದೇವೆ.

ರಕ್ತ ಅಲ್ಲ ಅನ್ನುವುದಕ್ಕೆ ಕೊಡಗನ್ನು ನೋಡಿ. 1857ರ ದಂಗೆಯ ನಂತರ ಬ್ರಿಟಿಷರು ದೇಶದ ಕೈಯಿಂದ ಆಯುಧ ಕಿತ್ತುಕೊಂಡರು. ಆ ಕಾನೂನನ್ನು ಒಪ್ಪದ ಮುಧೋಳ ಕಡೆಯ ಹಲಗಲಿಯ ಬೇಡರು ಅದೇ ವರ್ಷ ನೇಣಿಗೆ ಹೋದರು. ಕೊಡವರಿಗೆ ಮಾತ್ರ 1861ರಲ್ಲಿ ವಿನಾಯಿತಿ ಸಿಕ್ಕಿತು, ಇವತ್ತಿಗೂ ಇದೆ. ಅಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಈಗಲೂ ತೆಂಗಿನಕಾಯಿಗೆ ಗುರಿ ಇಡುತ್ತಾರೆ. ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಸೆರೆಯಾಗಿ, ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಗುಂಡೇಟಿನಿಂದ ಸತ್ತ. ಅವನಿಗಿನ್ನೂ 24 ತುಂಬಿರಲಿಲ್ಲ. ತಾನೇ ಹೊಡೆದುಕೊಂಡನೋ, ಆಕಸ್ಮಿಕವೋ ಅನ್ನುವ ವಾದ ಇನ್ನೂ ಮುಗಿದಿಲ್ಲ. 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು. ಕೊಡಗಿನಲ್ಲಿ ಬಂದೂಕು ಉಳಿಯಿತು, ವಿದ್ಯೆಯೂ ಉಳಿಯಿತು. ನಮ್ಮಲ್ಲಿ ಬಂದೂಕು ಹೋಯಿತು, ಭಾಷಣ ಉಳಿಯಿತು. ರಕ್ತ ಎರಡೂ ಕಡೆ ಕೆಂಪೇ.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಯಾರೂ ಮನೆಯಲ್ಲಿ ಮದ್ದು ಅರೆಯಲಿ, ತೋಟಾ ತುಂಬಲಿ ಅಂತ ನಾನು ಹೇಳುತ್ತಿಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಹಂದಿಗೆ ಅಂತ ಇಡುವ ಸಿಡಿಮದ್ದಿನಿಂದ ದನದ ದವಡೆ ಹರಿಯುತ್ತದೆ, ಅದರಲ್ಲಿ ಗುರಿಯೂ ಇಲ್ಲ, ವಿದ್ಯೆಯೂ ಇಲ್ಲ. ಗುರಿಯ ಆಸೆ ಇರುವ ಹುಡುಗರಿಗೆ ರೈಫಲ್ ಕ್ಲಬ್ಬು ಬೇಕು, ಹೇಳಿಕೊಡುವವರು ಬೇಕು. ಯಾದಗಿರಿ 2009ರ ಕೊನೆಗೆ ಜಿಲ್ಲೆ ಆಯ್ತು. ಪೂರ್ವಜರ ಗುರಿ ಹೊಗಳಲಿಕ್ಕೆ ವೇದಿಕೆ ಕಟ್ಟುವ ನಾವು, ಮಕ್ಕಳು ಗುರಿ ಕಲಿಯಲಿಕ್ಕೆ ಒಂದು ಏರ್ ರೈಫಲ್ ರೇಂಜ್ ಬೇಕು ಅಂತ ಯಾಕೆ ಕೇಳಬಾರದು? ಏರ್ ರೈಫಲ್ಲಿಗೆ ಮದ್ದೂ ಬೇಡ, ಹತ್ತು ಮೀಟರ್ ಜಾಗ ಸಾಕು.

ಇನ್ನೊಂದು ಕೆಲಸ ನಮ್ಮದು, ಬರೆಯುವವರದು. ಮುತ್ಯಾ ತೀರಿಕೊಂಡ ಮೇಲೆ ಬಂದೂಕು ಠಾಣೆಗೆ ಹೋಯಿತು. ಈ ಸಲ ಊರಿಗೆ ಹೋದಾಗ ಹಳೇ ಟ್ರಂಕಿನಲ್ಲಿ ಆ ಹಿತ್ತಾಳೆ ಅಳತೆ ಸಿಕ್ಕಿತು. ಅದರಲ್ಲಿ ತುಂಬಾ ಹಾಕುತ್ತಿದ್ದನೋ, ಮುಕ್ಕಾಲೋ? ಮಳೆಗಾಲಕ್ಕೆ ಬೇರೆ, ಬೇಸಿಗೆಗೆ ಬೇರೆ ಇತ್ತೋ? ಗುಂಡಿಗೆ ಎಷ್ಟು, ಚರೆಗೆ ಎಷ್ಟು? ಗೊತ್ತಿಲ್ಲ. ನಾನು ಕೇಳಲಿಲ್ಲ. ನಾಲ್ಕು ದಿನ ಅವನ ಪಕ್ಕದಲ್ಲೇ ಕೂತಿದ್ದೆ, ಗೋಣಿತಟ್ಟಿನ ತೂತು ಮಾತ್ರ ಎಣಿಸಿದೆ.

ನಿಮ್ಮ ಮನೆಯಲ್ಲೂ ಇಂಥ ಒಬ್ಬ ಮುತ್ಯಾ ಇರಬಹುದು. ಬಂದೂಕೇ ಆಗಬೇಕಿಲ್ಲ, ಬಿತ್ತನೆಯ ಹದ, ಸುಣ್ಣದ ಹದ, ಹೆಡಿಗೆ ಹೆಣೆಯುವ ಲೆಕ್ಕ, ಏನಾದರೂ ಸರಿ. "ಅವರಿಗೆ ಅದು ಹುಟ್ಟಿನಿಂದಲೇ ಬಂದದ್ದು" ಅಂತ ಹೊಗಳಿ ಕೈಬಿಡಬೇಡಿ. ಎಷ್ಟು, ಹೇಗೆ, ಯಾಕೆ ಅಂತ ಕೇಳಿ, ಬರೆದಿಡಿ. ಒಂದು ಸಲ ಅಲ್ಲ, ನಾಕು ಸಲ ಕೇಳಿ.

ಏನಂತೀರಿ?