ವಾಷಿಂಗ್ಟನ್ ಅನ್ನೋದು ಯಾರ ಮನೆತನದ ಹೆಸರು?

ವಾಷಿಂಗ್ಟನ್ ಅಂದ ಕೂಡಲೇ ನೆನಪಾಗೋದು ಒಂದು ಡಾಲರ್ ನೋಟಿನ ಮೇಲಿರುವ ಆ ಬಿಳಿ ಕೂದಲಿನ ಗಂಭೀರ ಮುಖ. ಆದರೆ ಅಮೆರಿಕದಲ್ಲಿ ಇವತ್ತು ಈ ಸರ್‌ನೇಮ್ ಇರುವ ಹತ್ತು ಜನರನ್ನು ಸಾಲಾಗಿ ನಿಲ್ಲಿಸಿದರೆ, ಹೆಚ್ಚುಕಮ್ಮಿ ಒಂಬತ್ತು ಜನ ಕಪ್ಪು ವರ್ಣೀಯರು. 2000ನೇ ಇಸವಿಯ ಜನಗಣತಿ ಪ್ರಕಾರ ಅಲ್ಲಿ 1,63,036 ವಾಷಿಂಗ್ಟನ್‌ಗಳಿದ್ದರು. ಅವರಲ್ಲಿ ಶೇ. 90ರಷ್ಟು ಆಫ್ರಿಕನ್ ಅಮೆರಿಕನ್ನರು. ಡಾಲರ್ ನೋಟಿನ ಜಾರ್ಜ್‌ಗಂತೂ ಸ್ವಂತ ಮಕ್ಕಳೇ ಇರಲಿಲ್ಲ. ಮತ್ತೆ ಇಷ್ಟು ಜನಕ್ಕೆ ಈ ಹೆಸರು ಬಂದದ್ದು ಎಲ್ಲಿಂದ?

ಶುರುವಿನಿಂದಲೇ ನೋಡೋಣ. ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಡರ್ಹಮ್ ಸೀಮೆಯ ವೇರ್ ನದಿ ಹತ್ತಿರ ಒಂದು ಹಳ್ಳಿ. ಹಳೇ ದಾಖಲೆಗಳಲ್ಲಿ ಅದರ ಹೆಸರು ವೆಸ್ಸಿಂಗ್ಟನ್. 12ನೇ ಶತಮಾನದ ಕೊನೆಯ ಹೊತ್ತಿಗೆ ವಿಲಿಯಂ ಅನ್ನೋ ಒಬ್ಬ ಜಮೀನುದಾರ ಅಲ್ಲಿಗೆ ಬಂದ. ಅದಕ್ಕೂ ಮೊದಲು ಆತ ಹರ್ಟ್‌ಬರ್ನ್ ಊರಿನವನು, ಹಾಗಾಗಿ ಹರ್ಟ್‌ಬರ್ನ್ ವಿಲಿಯಂ. ಆ ಊರನ್ನು ಬಿಷಪ್‌ಗೆ ಬಿಟ್ಟುಕೊಟ್ಟು, ಬದಲಿಗೆ ವೆಸ್ಸಿಂಗ್ಟನ್ ಪಡೆದುಕೊಂಡ. ಈ ಅದಲು ಬದಲು 1183ರ ಭೂದಾಖಲೆ ಪುಸ್ತಕದಲ್ಲೇ ಇದೆ. ಊರು ಬದಲಾಯ್ತು, ಹೆಸರೂ ಬದಲಾಯ್ತು. ನಮ್ಮ ಅಜ್ಜಂದಿರ ಹೆಸರಿನ ಮುಂದೆ ಊರಿನ ಇನಿಷಿಯಲ್ ಕೂತಿರುತ್ತಲ್ಲ, ಅದೇ ಲೆಕ್ಕ. ಅಲ್ಲಿ ಹೆಸರಿನ ಮುಂದಲ್ಲ, ಹಿಂದೆ ಅಷ್ಟೇ. ಈ ವಿನಿಮಯ ನಡೆಯದೇ ಹೋಗಿದ್ದರೆ ಅಮೆರಿಕದ ರಾಜಧಾನಿಯನ್ನು ನಾವಿವತ್ತು ಹರ್ಟ್‌ಬರ್ನ್ ಅಂತ ಕರೀತಿದ್ವೋ ಏನೋ!

ಮುಂದಿನ ತಲೆಮಾರುಗಳು ಊರು ಬಿಟ್ಟವು, ಹೆಸರು ಬಿಡಲಿಲ್ಲ. ಒಂದು ಕವಲು ಲ್ಯಾಂಕಾಷೈರ್‌ಗೆ ಹೋಯಿತು. ಅಲ್ಲಿಂದ ನಾರ್ತಾಂಪ್ಟನ್‌ಗೆ ಬಂದ ಲಾರೆನ್ಸ್ ಅನ್ನೋನು ಉಣ್ಣೆ ವ್ಯಾಪಾರದಲ್ಲಿ ಚೆನ್ನಾಗಿ ದುಡ್ಡು ಮಾಡಿ ಪಟ್ಟಣದ ಮೇಯರ್ ಕೂಡ ಆದ. ಎಂಟನೇ ಹೆನ್ರಿ ಮಠಗಳ ಆಸ್ತಿ ಕಿತ್ತುಕೊಂಡು ಮಾರುತ್ತಿದ್ದ ಕಾಲ ಅದು. 1539ರಲ್ಲಿ ಲಾರೆನ್ಸ್ ಸಲ್‌ಗ್ರೇವ್ ಅನ್ನೋ ಹಳ್ಳಿಯ ಜಮೀನು ಕೊಂಡು ಮನೆ ಕಟ್ಟಿಸಿದ. ಮನೆ ಈಗಲೂ ಇದೆ, ಮ್ಯೂಸಿಯಂ ಆಗಿದೆ. ಈ ಮನೆತನದ ಲಾಂಛನ ಬಿಳಿ ಗುರಾಣಿಯ ಮೇಲೆ ಎರಡು ಕೆಂಪು ಪಟ್ಟಿ, ಮೂರು ಕೆಂಪು ನಕ್ಷತ್ರ. 1938ರಿಂದ ಅದೇ ವಾಷಿಂಗ್ಟನ್ ಡಿ.ಸಿ.ಯ ಬಾವುಟ.

ಇದೇ ವಂಶದ ಇನ್ನೊಬ್ಬ ಲಾರೆನ್ಸ್ ಎಸೆಕ್ಸ್‌ನಲ್ಲಿ ಪಾದ್ರಿಯಾಗಿದ್ದ. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ರಾಜನ ಪರ ಇದ್ದದ್ದಕ್ಕೆ 1643ರಲ್ಲಿ ಕೆಲಸ ಹೋಯಿತು. ದಿನವಿಡೀ ಹೆಂಡದಂಗಡಿಯಲ್ಲಿ ಕೂರ್ತಾನೆ ಅಂತ ಆರೋಪವನ್ನೂ ಹೊರಿಸಿದರು. ಆತನ ಮಗ ಜಾನ್ ಹಡಗು ಹತ್ತಿ ತಂಬಾಕು ವ್ಯಾಪಾರಕ್ಕೆ ಹೊರಟ. ವಾಪಸ್ ಬರುವಾಗ, 1657ರಲ್ಲಿ, ಪೊಟೊಮ್ಯಾಕ್ ನದಿಯಲ್ಲಿ ಹಡಗು ನೆಲ ಕಚ್ಚಿತು. ಜಾನ್ ವರ್ಜೀನಿಯಾದಲ್ಲೇ ಉಳಿದ, ಜಮೀನು ಇದ್ದವರ ಮಗಳನ್ನು ಮದುವೆಯಾದ. ಅವನ ಮರಿಮಗನೇ 1732ರಲ್ಲಿ ಹುಟ್ಟಿದ ಜಾರ್ಜ್. (1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಈ ಜಾರ್ಜ್‌ನ ಎದುರು ಸೋತು ಶರಣಾದ ಕಾರ್ನ್‌ವಾಲಿಸ್ ನಮಗೂ ಪರಿಚಯದವನೇ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದವನು.)

ಇಲ್ಲಿವರೆಗಿನ ಕಥೆ ಸಲೀಸು. ಅಪ್ಪನಿಂದ ಮಗನಿಗೆ, ಊರಿನಿಂದ ಊರಿಗೆ. ಇಂಗ್ಲಿಷ್ ವಂಶಾವಳಿ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಂತುಬಿಡ್ತವೆ. ನನಗೆ ಕುತೂಹಲ ಶುರುವಾಗೋದೇ ಇಲ್ಲಿಂದ.

ಅಪ್ಪ ತೀರಿಕೊಂಡಾಗ ಜಾರ್ಜ್‌ಗೆ 11 ವರ್ಷ. ಆ ವಯಸ್ಸಿಗೇ ಹತ್ತು ಜನ ಗುಲಾಮರು ಆಸ್ತಿಯಾಗಿ ಬಂದರು. 1799ರಲ್ಲಿ ಆತ ಸಾಯುವಾಗ ಮೌಂಟ್ ವರ್ನನ್ ಎಸ್ಟೇಟಿನಲ್ಲಿ 317 ಗುಲಾಮರಿದ್ದರು. ಅವರಲ್ಲಿ ಜಾರ್ಜ್‌ಗೆ ಸೇರಿದ 123 ಜನಕ್ಕೆ ಮಾತ್ರ ಉಯಿಲಿನಲ್ಲಿ ಬಿಡುಗಡೆ ಬರೆದ. ಉಳಿದವರಲ್ಲಿ ಹೆಚ್ಚಿನವರು ಹೆಂಡತಿ ಮಾರ್ಥಾಳ ಮೊದಲ ಗಂಡನ ಆಸ್ತಿಗೆ ಸೇರಿದವರು. ಹಾಗಾಗಿ ಬಿಡುಗಡೆ ಆದವರೆಲ್ಲ ವಾಷಿಂಗ್ಟನ್ ಅಂತ ಇಟ್ಟುಕೊಂಡರು ಅಂದುಕೊಂಡರೂ ಒಂದೂವರೆ ಲಕ್ಷದ ಲೆಕ್ಕ ಕೂಡಿ ಬರಲ್ಲ.

ಬಿಡುಗಡೆಗೆ ಕಾಯದೇ ಓಡಿಹೋದವನೂ ಒಬ್ಬ ಇದ್ದ. ಹೆಸರು ಹ್ಯಾರಿ. ಆಫ್ರಿಕಾದ ಗ್ಯಾಂಬಿಯಾ ನದಿ ಸೀಮೆಯಲ್ಲಿ ಹುಟ್ಟಿ, ಮೌಂಟ್ ವರ್ನನ್‌ನಲ್ಲಿ ಜಾರ್ಜ್‌ನ ಗುಲಾಮನಾಗಿದ್ದವನು. ಸ್ವಾತಂತ್ರ್ಯ ಸಮರ ಶುರುವಾದಾಗ, ನಮ್ಮ ಕಡೆ ಬಂದ ಗುಲಾಮರಿಗೆ ಬಿಡುಗಡೆ ಅಂತ ಬ್ರಿಟಿಷರು ಆಸೆ ತೋರಿಸಿದರು. ಹ್ಯಾರಿ ಯಜಮಾನನ ಶತ್ರುಗಳ ಪಾಳೆಯ ಸೇರಿಕೊಂಡ. 1783ರಲ್ಲಿ ಬ್ರಿಟಿಷರು ನ್ಯೂಯಾರ್ಕ್ ಖಾಲಿ ಮಾಡುವಾಗ ಜೊತೆಗೆ ಹೊರಟ ಕಪ್ಪು ಜನರ ಪಟ್ಟಿ ಬರೆದರು. ಅದರಲ್ಲಿ ಹ್ಯಾರಿ ವಾಷಿಂಗ್ಟನ್ ಅಂತಲೇ ಇದೆ. ಅಲ್ಲಿಂದ ಕೆನಡಾದ ಚಳಿಗೆ, ನೋವಾ ಸ್ಕೋಷಿಯಾಗೆ. 1792ರಲ್ಲಿ ಮತ್ತೆ ಹಡಗು ಹತ್ತಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ಗೆ. ಡರ್ಹಮ್ ಹಳ್ಳಿಯ ಹೆಸರು ಹೀಗೆ ಆಫ್ರಿಕಾ ಮುಟ್ಟಿತು. ಅಲ್ಲಿ ಜಮೀನಿನ ಮೇಲೆ ಕಂಪನಿ ಕಂದಾಯ ಹಾಕಿದಾಗ ವಲಸಿಗರು 1800ರಲ್ಲಿ ದಂಗೆ ಎದ್ದರು, ಅದರಲ್ಲಿ ಹ್ಯಾರಿಯೂ ಇದ್ದ. ತೆರಿಗೆ ವಿರುದ್ಧ ದಂಗೆ ಎದ್ದ ಜಾರ್ಜ್ ರಾಷ್ಟ್ರಪಿತನಾದ. ಹ್ಯಾರಿಗೆ ಸಿಕ್ಕಿದ್ದು ಗಡೀಪಾರು.

ಇನ್ನು ಅಮೆರಿಕದಲ್ಲೇ ಉಳಿದವರು. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿ ತೆರೆದರೆ ಯಜಮಾನನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ ಇಷ್ಟೇ. ಹೆಸರಿನ ಜಾಗದಲ್ಲಿ ಏನೂ ಇಲ್ಲ. ತಮ್ಮತಮ್ಮಲ್ಲಿ ಎಷ್ಟೋ ಕುಟುಂಬಗಳು ಮನೆತನದ ಹೆಸರು ಇಟ್ಟುಕೊಂಡಿದ್ದವು, ಯಜಮಾನರ ಪುಸ್ತಕಕ್ಕೆ ಅದು ಬೇಕಾಗಿರಲಿಲ್ಲ. ಗುಲಾಮಗಿರಿ ಮುಗಿದ ಮೇಲೆ ಬಂದ 1870ರ ಜನಗಣತಿಯಲ್ಲೇ ಅವರೆಲ್ಲರ ಹೆಸರು, ಸರ್‌ನೇಮ್ ಮೊದಲ ಸಲ ಕಾಗದಕ್ಕೆ ಬಂದದ್ದು. ಕೆಲವರು ಹಳೇ ಯಜಮಾನನ ಹೆಸರು ಬರೆಸಿದರು. ಗುಲಾಮರನ್ನು ಇಟ್ಟುಕೊಂಡಿದ್ದ ಬೇರೆ ವಾಷಿಂಗ್ಟನ್‌ಗಳೂ ಇದ್ದರಲ್ಲ. ಇನ್ನು ಕೆಲವರು ತಾವೇ ಆರಿಸಿಕೊಂಡರು.

ಹಾಗೆ ಆರಿಸಿಕೊಂಡವರಲ್ಲಿ ಒಬ್ಬ ವೆಸ್ಟ್ ವರ್ಜೀನಿಯಾದ ಶಾಲೆಯಲ್ಲಿ ಕೂತಿದ್ದ ಹುಡುಗ. ಹಾಜರಿ ಕರೆಯುವಾಗ ನೋಡಿದರೆ ಎಲ್ಲ ಮಕ್ಕಳಿಗೂ ಎರಡೆರಡು ಹೆಸರು, ಇವನಿಗೆ ಮಾತ್ರ ಬರೀ ಬುಕರ್. ತನ್ನ ಸರದಿ ಬಂದಾಗ ಏನೂ ಆಗಿಲ್ಲ ಅನ್ನೋ ಥರ ‘ಬುಕರ್ ವಾಷಿಂಗ್ಟನ್’ ಅಂದುಬಿಟ್ಟ. ಮುಂದೆ ಟಸ್ಕೀಗಿ ವಿದ್ಯಾಸಂಸ್ಥೆ ಕಟ್ಟಿ ದೇಶಕ್ಕೇ ಗೊತ್ತಾದ ಬುಕರ್ ಟಿ. ವಾಷಿಂಗ್ಟನ್ ಈತನೇ. 1901ರಲ್ಲಿ ಬಂದ ಆತ್ಮಕಥೆಯಲ್ಲಿ ಈ ಪ್ರಸಂಗವನ್ನು ಆತನೇ ಹೇಳಿದ್ದಾನೆ.

ಇವತ್ತು ಫೋನಿನಲ್ಲೇ ವಂಶವೃಕ್ಷ ಹುಡುಕುವ ಆಪ್‌ಗಳಿವೆ, ಎಂಜಲು ಕಳಿಸಿದರೆ ಡಿಎನ್‌ಎ ವರದಿ ಬರುತ್ತೆ. ಆದರೂ ಕಪ್ಪು ಕುಟುಂಬಗಳ ಹುಡುಕಾಟ 1870ಕ್ಕೆ ಬಂದು ಗೋಡೆಗೆ ಡಿಕ್ಕಿ ಹೊಡೆಯುತ್ತೆ. ಅದರ ಹಿಂದಕ್ಕೆ ಹೋಗಬೇಕು ಅಂದ್ರೆ ಮೊದಲು ಯಜಮಾನ ಯಾರು ಅಂತ ಗೊತ್ತಾಗಬೇಕು. ಸರ್‌ನೇಮ್ ನಂಬಿಕೊಂಡು ಹೊರಟರೆ ದಾರಿ ತಪ್ಪಬಹುದು. ಬುಕರ್‌ನನ್ನೇ ತಗೊಳ್ಳಿ. ವಾಷಿಂಗ್ಟನ್ ಅನ್ನೋದು ಅವನ ಅಪ್ಪನ ಹೆಸರಲ್ಲ, ಯಜಮಾನನದ್ದೂ ಅಲ್ಲ. ಅವನ ಮಲತಂದೆಯ ಮೊದಲ ಹೆಸರು ವಾಷಿಂಗ್ಟನ್ ಅಂತಿತ್ತು. ಹುಡುಕುವವರು ಹಿಡಿಯಬೇಕಾದ ಹೆಸರು ಬರೋಸ್, ವರ್ಜೀನಿಯಾದ ಒಬ್ಬ ರೈತ. 1861ರಲ್ಲಿ ಆ ರೈತ ಸತ್ತ ಮೇಲೆ ಬರೆದ ಆಸ್ತಿ ಪಟ್ಟಿಯಲ್ಲಿ ಐದು ವರ್ಷದ ಬುಕರ್ ಸಿಗುತ್ತಾನೆ. ಪಕ್ಕದಲ್ಲೇ ಬೆಲೆಯೂ ಇದೆ, 400 ಡಾಲರ್.