ಆಷಾಢಕ್ಕೂ ಬಾಡಿಗೆ!

ಈ ವಾರ ಯಾವ ನಾಯಕಿಯ ಮದುವೆ ಸುದ್ದಿಯೂ ಇಲ್ಲ, ಯಾವ ನಾಯಕನ ಮುನಿಸಿನ ಕಥೆಯೂ ಇಲ್ಲ. ಹಾಗಂತ ಪುಟ ತಿರುಗಿಸಿಬಿಡಬೇಡಿ ಸ್ವಾಮೀ! ಆ ನಾಯಕಿಯ ಮುಖ ಪೋಸ್ಟರ್ ಮೇಲೆ ಬೆಣ್ಣೆಯ ಹಾಗೆ ಹೊಳೆಯುತ್ತಲ್ಲ, ಆ ಹೊಳಪು ಕೊಡುವವರ ಸುದ್ದಿ ಇದು. ನಮ್ಮ ಸ್ಟಿಲ್ ಫೋಟೋಗ್ರಾಫರುಗಳ ಸುದ್ದಿ. ಮದುವೆ ಮನೆಯಲ್ಲಿ ಎಲ್ಲರೂ ಎಲೆ ಮುಂದೆ ಕೂತಾಗ ಕ್ಯಾಮೆರಾ ಹಿಡಿದು ನಿಂತೇ ಇರ್ತಾರಲ್ಲ, ಅವರದ್ದೂ ಹೌದು.

ಗಾಂಧಿನಗರದಲ್ಲಿ ನಾಲ್ಕು ಜನ ಫೋಟೋದವರು ಟೀ ಕುಡಿಯಲು ಸೇರಿದರೆ ಹಿಂದೆಲ್ಲ ಮಾತು ಲೆನ್ಸಿನ ಮೇಲೆ, ಲೈಟಿನ ಮೇಲೆ, ಇಲ್ಲವೇ ಸಂಭಾವನೆ ಕೊಡದೆ ಸತಾಯಿಸುವ ನಿರ್ಮಾಪಕರ ಮೇಲೆ ಇರುತ್ತಿತ್ತು. ಈಗ ನನ್ನ ಕಿವಿಗೆ ಬೀಳುವ ಮೊದಲ ಪ್ರಶ್ನೆಯೇ ಬೇರೆ. "ಈ ತಿಂಗಳದ್ದು ಕಟ್ಟಿದ್ಯೇನೋ?" ಕಟ್ಟೋದು ಚೀಟಿ ಹಣವಲ್ಲ, ಅಂಗಡಿ ಬಾಡಿಗೆಯೂ ಅಲ್ಲ. ಫೋಟೋ ತಿದ್ದುವ ಸಾಫ್ಟ್‌ವೇರ್‌ನ ಬಾಡಿಗೆ!

ಈ ಬಾಡಿಗೆ ಕಥೆಗೆ ಒಂದು ಫ್ಲ್ಯಾಶ್‌ಬ್ಯಾಕ್ ಬೇಕು.

ಫೋಟೋಶಾಪ್ ಅನ್ನೋ ಹೆಸರು ಗೊತ್ತಿಲ್ಲದವರು ಯಾರಿದ್ದಾರೆ? ಅದು ಹುಟ್ಟಿದ್ದೇ ಅರ್ಧ ಸಿನಿಮಾ ಮನೆಯಲ್ಲಿ ಅನ್ನೋದು ಮಾತ್ರ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಮೆರಿಕದ ಮಿಶಿಗನ್‌ನಲ್ಲಿ ನೋಲ್ ಅಂತ ಒಂದು ಸಂಸಾರ. ತಂದೆ ಪ್ರೊಫೆಸರ್. ಆದರೆ ಫೋಟೋ ಹುಚ್ಚು, ಮನೆಯ ನೆಲಮಾಳಿಗೆಯಲ್ಲೇ ಡಾರ್ಕ್‌ರೂಮ್ ಮಾಡಿಕೊಂಡಿದ್ದರು. ಮಕ್ಕಳಲ್ಲಿ ಥಾಮಸ್ ಕಂಪ್ಯೂಟರ್ ಓದಿದ. ಇನ್ನೊಬ್ಬ ಜಾನ್, 'ಸ್ಟಾರ್ ವಾರ್ಸ್' ಖ್ಯಾತಿಯ ಜಾರ್ಜ್ ಲೂಕಾಸ್ ಕಟ್ಟಿದ ಟ್ರಿಕ್ ಕಂಪೆನಿ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸೇರಿದ. ಅಣ್ಣತಮ್ಮ ಕೂಡಿ 1987ರಿಂದ ಬೆಳೆಸಿದ ಕೂಸೇ ಈ ಫೋಟೋಶಾಪ್. 1989ರ 'ದಿ ಅಬಿಸ್' ಚಿತ್ರದಲ್ಲಿ ನೀರು ಹಾವಿನ ಹಾಗೆ ಎದ್ದು ಬರುವ ದೃಶ್ಯವಿದೆಯಲ್ಲ, ಅದರ ಕೆಲಸದಲ್ಲೇ ಇದರ ಬಳಕೆಯಾಗಿತ್ತು. ಅಡೋಬಿ ಕಂಪೆನಿ ಅದನ್ನು ಮಾರುಕಟ್ಟೆಗೆ ಬಿಟ್ಟಿದ್ದು 1990ರ ಫೆಬ್ರವರಿಯಲ್ಲಿ. ಜಾನ್ ಮುಂದೆ 2007ರಲ್ಲಿ 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ಸರಣಿಯ ಎರಡನೇ ಚಿತ್ರಕ್ಕೆ ಆಸ್ಕರ್ ಹಂಚಿಕೊಂಡ, 2016ರ 'ರೋಗ್ ಒನ್' ಚಿತ್ರದ ಕಥೆಗಾರರಲ್ಲಿ ಒಬ್ಬನಾದ. ಅಪ್ಪನ ಡಾರ್ಕ್‌ರೂಮಿನಲ್ಲಿ ಕಲಿತ ವಿದ್ಯೆ ನೋಡಿ!

* * *

ಆಗೆಲ್ಲ ಈ ಸಾಫ್ಟ್‌ವೇರ್ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಒಮ್ಮೆ ದುಡ್ಡು ಕೊಟ್ಟರೆ ನಿಮ್ಮದು. ಹೊಸ ಆವೃತ್ತಿ ಬೇಕೆಂದರೆ ಮತ್ತೆ ಕೊಡಿ, ಬೇಡವೆಂದರೆ ಹಳೆಯದರಲ್ಲೇ ಹತ್ತು ವರ್ಷ ಸಂಸಾರ ಮಾಡಿ. ಬೆಲೆ ಏನು ಅಗ್ಗವಲ್ಲ. ಪೆಟ್ಟಿಗೆಯಲ್ಲಿ ಬಂದ ಕೊನೆಯ ಫೋಟೋಶಾಪ್, ಅಂದರೆ 2012ರ ಸಿ.ಎಸ್.6, ಅಮೆರಿಕದಲ್ಲಿ 699 ಡಾಲರ್!

ನಮ್ಮ ಕಡೆಯ ಸಣ್ಣ ಸ್ಟುಡಿಯೋದವನು ಅಷ್ಟು ಎಲ್ಲಿಂದ ತರಬೇಕು? ಕದ್ದ ಕಾಪಿ ಹಾಕಿಸಿಕೊಂಡ. ಸುಳ್ಳು ಯಾಕೆ ಹೇಳಬೇಕು? ಕಳ್ಳ ಸಿ.ಡಿ. ವಿರುದ್ಧ ಮೈಕ್ ಮುಂದೆ ಗುಡುಗಿದ ನಿರ್ಮಾಪಕರ ಚಿತ್ರದ ಪೋಸ್ಟರೇ ಕದ್ದ ಸಾಫ್ಟ್‌ವೇರ್‌ನಲ್ಲಿ ತಯಾರಾದ ಕಾಲ ಅದು. ಆದ್ದರಿಂದ ಕಂಪೆನಿಯವರದ್ದೇ ಪೂರ್ತಿ ತಪ್ಪು ಅಂತ ನಾನು ಹೇಳೋಲ್ಲ.

2013ರ ಮೇ ತಿಂಗಳಲ್ಲಿ ಬಂತು ನೋಡಿ ಇಂಟರ್ವಲ್ ಟ್ವಿಸ್ಟ್! ಇನ್ನು ಮುಂದೆ ಪೆಟ್ಟಿಗೆ ಇಲ್ಲ, ಹೊಸದೆಲ್ಲ ಬಾಡಿಗೆಗೇ ಅಂತ ಅಡೋಬಿ ಘೋಷಿಸಿತು. ಸಾವಿರಾರು ಜನ ವಿರೋಧಿಸಿ ಸಹಿ ಹಾಕಿದರು. ಫೋಟೋದವರ ಗಲಾಟೆ ನೋಡಿ, ಅದೇ ವರ್ಷ ತಿಂಗಳಿಗೆ 9.99 ಡಾಲರ್‌ಗೆ ಫೋಟೋಶಾಪ್, ಲೈಟ್‌ರೂಮ್ ಎರಡೂ ಸಿಗುವ ಯೋಜನೆ ತಂದರು. ಲೈಟ್‌ರೂಮ್ ಮಾತ್ರ ಬಿಡಿಯಾಗಿ ಕೊಳ್ಳಲು ಸಿಗುತ್ತಲೇ ಇರುತ್ತೆ ಅನ್ನುವ ಭರವಸೆಯೂ ಆಗ ಬಂದಿತ್ತು. 2015ರಲ್ಲಿ ಲೈಟ್‌ರೂಮ್ 6 ಬಂತು, 149 ಡಾಲರ್. 2017ರ ಅಕ್ಟೋಬರ್‌ನಲ್ಲಿ, ಇದೇ ಕೊನೆ ಅಂದುಬಿಟ್ಟರು. ಭರವಸೆ ಡಬ್ಬಾ ಸೇರಿತು!

9.99 ಡಾಲರ್ ಆದರೂ ಉಳಿಯಿತಾ? 2025ರ ಜನವರಿಯಿಂದ, ಆ ಯೋಜನೆಯಲ್ಲಿ ತಿಂಗಳು ತಿಂಗಳು ಕಟ್ಟುವ ಹಳೇ ಗಿರಾಕಿಗಳಿಗೆ 14.99 ಆಯಿತು. ವರ್ಷದ ಹಣ ಒಟ್ಟಿಗೆ ಎಣಿಸುವವರಿಗೆ ಹಳೇ ದರ. ಹೊಸಬರಿಗೆ ಆ ಯೋಜನೆಯ ಬಾಗಿಲೇ ಬಂದ್. ಗಮನಿಸಿ... ಕೈಯಲ್ಲಿ ಗಂಟು ಇದ್ದವನಿಗೆ ರಿಯಾಯಿತಿ, ಇಲ್ಲದವನಿಗೆ ಏರಿಕೆ!

* * *

"ಏನ್ರೀ, ಸಿನಿಮಾದಲ್ಲಿ ಬಾಡಿಗೆ ಹೊಸದಾ? ಕ್ಯಾಮೆರಾ ಬಾಡಿಗೆ, ಲೈಟ್ ಬಾಡಿಗೆ, ಜನರೇಟರ್ ಬಾಡಿಗೆ, ರಾಜನ ಕಿರೀಟ ಕೂಡ ಬಾಡಿಗೆ" ಅಂತೀರಾ? ಒಪ್ಪಿದೆ. ಆದರೆ ಒಂದು ವ್ಯತ್ಯಾಸ ಇದೆ. ಪ್ಯಾಕಪ್ ಆದ ಮೇಲೆ ಕ್ಯಾಮೆರಾ ಅದರ ಮಾಲೀಕನ ಮನೆಗೆ ಹೋಗುತ್ತೆ, ರೀಲು ನಮ್ಮ ಮನೆಗೆ ಬರುತ್ತೆ. ಶೂಟಿಂಗ್ ಇಲ್ಲದ ದಿನ ಬಾಡಿಗೆಯೂ ಇಲ್ಲ.

ಇಲ್ಲಿ ಹಾಗಲ್ಲ. ಮದುವೆ ಫೋಟೋದವನ ದುಡಿಮೆ ಮುಹೂರ್ತ ನೋಡಿಕೊಂಡು ಬರುತ್ತೆ. ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಬಾಡಿಗೆಗೆ ಮಾತ್ರ ಪಂಚಾಂಗ ಗೊತ್ತಿಲ್ಲ! "ಸಾರ್, ಆಷಾಢದಲ್ಲಿ ಹೊಸ ಸೊಸೆನೂ ತವರಿಗೆ ಹೋಗ್ತಾಳೆ, ಇದೊಂದು ಮಾತ್ರ ಹೋಗಲ್ಲ" ಅಂದ ನಮ್ಮ ಸ್ಟುಡಿಯೋ ಗೆಳೆಯನೊಬ್ಬ. ನಕ್ಕೆವು. ಅವನು ನಗಲಿಲ್ಲ.

ಸರಿ, ಕೆಲಸವಿಲ್ಲದ ತಿಂಗಳು ಬಿಟ್ಟುಬಿಡೋಣ ಅಂದರೆ? ವರ್ಷದ ಕರಾರು, ತಿಂಗಳ ಕಂತು ಅನ್ನೋ ಯೋಜನೆಯಲ್ಲಿ ನಡುವೆ ಬಿಟ್ಟರೆ ದಂಡ. ಈ ದಂಡದ ವಿಷಯವನ್ನು ಸೇರುವಾಗ ಮರೆಮಾಚುತ್ತಾರೆ ಅಂತ ಆರೋಪಿಸಿ ಅಮೆರಿಕ ಸರಕಾರವೇ 2024ರ ಜೂನ್‌ನಲ್ಲಿ ಅಡೋಬಿ ಮೇಲೆ ಕೋರ್ಟಿಗೆ ಹೋಯಿತು. ಕಂಪೆನಿ ಆರೋಪ ಅಲ್ಲಗಳೆಯಿತು.

ಬೀಗದ ಕೈ ಇನ್ನೊಬ್ಬರ ಹತ್ತಿರ ಇದ್ದರೆ ಇನ್ನೂ ಏನೇನಾಗುತ್ತೆ ಕೇಳಿ. 2014ರ ಮೇ ತಿಂಗಳಲ್ಲಿ ಕಂಪೆನಿಯ ಲಾಗಿನ್ ವ್ಯವಸ್ಥೆ ಒಂದು ದಿನಕ್ಕೂ ಹೆಚ್ಚು ಹೊತ್ತು ಕೆಟ್ಟು ಕೂತಿತ್ತು. 2019ರ ಅಕ್ಟೋಬರ್‌ನಲ್ಲಿ, ಅಮೆರಿಕ ಸರಕಾರದ ಆದೇಶ ಅಂತ ಹೇಳಿ, ವೆನೆಜುವೆಲಾ ದೇಶದವರ ಖಾತೆಗಳನ್ನೆಲ್ಲ ಮುಚ್ಚುವುದಾಗಿ ಸಾರಿದರು. ಆ ತಿಂಗಳೇ ಅನುಮತಿ ಸಿಕ್ಕಿ ನಿರ್ಧಾರ ವಾಪಸ್ ಆಯಿತು, ನಿಜ. ಆದರೆ ಅಲ್ಲಿನ ಬಡಪಾಯಿ ಫೋಟೋಗ್ರಾಫರ್ ಮಾಡಿದ ತಪ್ಪಾದರೂ ಏನು? ಎರಡು ಸರಕಾರಗಳ ಜಗಳದಲ್ಲಿ ಇವನ ಡಾರ್ಕ್‌ರೂಮಿಗೆ ಬೀಗ!

* * *

ಈಗ ನನ್ನ ಹೊಟ್ಟೆ ಉರಿಸುವ ವಿಷಯಕ್ಕೆ ಬರ್ತೀನಿ.

ಪ್ರಾಯದಲ್ಲಿ ಲೇಖನದ ಜೊತೆಗೆ ಹಾಕಲು ಫೋಟೋ ಬೇಕೆಂದು ಎಷ್ಟೋ ಡಾರ್ಕ್‌ರೂಮುಗಳ ಬಾಗಿಲಲ್ಲಿ ಕಾದವನು ನಾನು. ಒಳಗೆ ಕೆಂಪು ದೀಪ, ಹೈಪೋ ವಾಸನೆ, ದಾರಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟ ಒದ್ದೆ ಪ್ರಿಂಟುಗಳು. ಗೋಡೆ ಬದಿಗೆ ಕಬ್ಬಿಣದ ಬೀರು. ಬೀರು ತುಂಬ ನೆಗೆಟಿವ್. ಪ್ರಗತಿ ಅಶ್ವತ್ಥನಾರಾಯಣ ಅವರಂಥ ಸ್ಥಿರಚಿತ್ರಗ್ರಾಹಕರು ಅಂದು ತೆಗೆದ ಅಣ್ಣಾವ್ರ ಫೋಟೋಗಳನ್ನು ನಾವು ಇವತ್ತಿಗೂ ನೋಡಿ ಕಣ್ತುಂಬಿಕೊಳ್ಳೋದು, ನೆಗೆಟಿವ್ ಅನ್ನೋದು ಯಾರಿಗೂ ಬಾಡಿಗೆ ಕೊಡದೆ ಉಳಿದಿದ್ದರಿಂದ. ಎನ್‌ಲಾರ್ಜರ್ ಹಳತಾಗಬಹುದು, ಮುಷ್ಕರ ಹೂಡೋಲ್ಲ.

ಇಂದು? ಮೂಲ ಫೋಟೋ ನಿಮ್ಮ ಡಿಸ್ಕಿನಲ್ಲೇ ಇರುತ್ತೆ, ಅದನ್ನು ಯಾರೂ ಕಿತ್ತುಕೊಳ್ಳೋಲ್ಲ. ಆದರೆ ಅದರ ಮೇಲೆ ನೀವು ರಾತ್ರಿಯೆಲ್ಲ ನಿದ್ದೆಗೆಟ್ಟು ಮಾಡಿದ ಕೆಲಸ, ಅಂದರೆ ಬೆಳಕು ಎಷ್ಟು, ನೆರಳು ಎಷ್ಟು, ಬಣ್ಣ ಎಷ್ಟು ಅನ್ನೋದೆಲ್ಲ ಲೈಟ್‌ರೂಮಿನ ಲೆಕ್ಕದ ಪುಸ್ತಕದಲ್ಲಿ ಬರೆದಿರುತ್ತೆ. ಬಾಡಿಗೆ ನಿಲ್ಲಿಸಿದರೆ ಆ ಫೋಟೋಗಳನ್ನು ನೋಡಬಹುದು, ಹೊರಗೆ ತೆಗೆಯಬಹುದು. ತಿದ್ದುವ 'ಡೆವಲಪ್' ಕೋಣೆಗೆ ಮಾತ್ರ ಬೀಗ. ಫೋಟೋಶಾಪ್ ಅಂತೂ ಬಾಗಿಲೇ ತೆರೆಯೋಲ್ಲ.

ಫೋಟೋದವನಿಗೆ ಅರವತ್ತು ದಾಟಿತು ಅಂತಿಟ್ಟುಕೊಳ್ಳಿ. ಕಣ್ಣು ಮಂಜು, ಕೆಲಸ ನಿಲ್ಲಿಸಿದ, ಬಾಡಿಗೆಯನ್ನೂ ನಿಲ್ಲಿಸಿದ. ಒಂದು ದಿನ ಬೆಳಿಗ್ಗೆ ಫೋನು. "ಅಣ್ಣಾ, ಅಪ್ಪ ಹೋಗ್ಬಿಟ್ರು. ನನ್ನ ಮದುವೇಲಿ ನೀವು ತೆಗೆದ ಗ್ರೂಪ್ ಫೋಟೋದಲ್ಲಿ ಅಪ್ಪ ನಗ್ತಾ ನಿಂತಿದ್ದಾರೆ. ಅವರೊಬ್ಬರದೇ ಮುಖ ಮಾಡಿಕೊಡಿ. ನಾಡಿದ್ದು ಹನ್ನೊಂದನೇ ದಿನ." ಇಂಥ ಫೋನು ಬಾರದ ಫೋಟೋಗ್ರಾಫರ್ ಕರ್ನಾಟಕದಲ್ಲೇ ಇಲ್ಲ. ಹಳೇ ಕಾಲದಲ್ಲಾದರೆ ಬೀರು ತೆಗೆದು, ನೆಗೆಟಿವ್ ಹುಡುಕಿ, ಸಂಜೆಗೆ ಪ್ರಿಂಟ್. ಇಂದು ತಾನೇ ತೆಗೆದ, ತಾನೇ ತಿದ್ದಿದ ಫೋಟೋದಿಂದ ಅದೇ ಫೋಟೋಶಾಪಿನಲ್ಲಿ ಒಂದು ಮುಖ ಬಿಡಿಸಲು ಮತ್ತೆ ಬಾಡಿಗೆ ಕಟ್ಟಬೇಕು. ಜಗಳ ದುಡ್ಡಿನದಲ್ಲ ಸ್ವಾಮೀ, ಕಳೆದ ದುಡಿಮೆಗೂ ಬಾಡಿಗೆ ಯಾಕೆ ಅನ್ನೋದು!

* * *

ಬೇರೆ ದಾರಿ ಇಲ್ಲವಾ? ಇದೆ. 1996ರಿಂದ ಜಿಂಪ್ ಇದೆ, 2009ರಿಂದ ಡಾರ್ಕ್‌ಟೇಬಲ್ ಇದೆ, ಎರಡೂ ಪುಕ್ಕಟೆ. 2015ರಲ್ಲಿ ಬಂದ ಅಫಿನಿಟಿ ಫೋಟೋ ಒಂದೇ ಸಲ ದುಡ್ಡು ಪಡೆಯುತ್ತಿತ್ತು. 2024ರಲ್ಲಿ ಅದನ್ನು ಕ್ಯಾನ್ವಾ ಕೊಂಡುಕೊಂಡಿತು, 2025ರ ಅಕ್ಟೋಬರ್‌ನಲ್ಲಿ ಪುಕ್ಕಟೆ ಮಾಡಿತು. ಆದರೂ ಜನ ಯಾಕೆ ಹೋಗೋಲ್ಲ? ಆಲ್ಬಮ್ ಡಿಸೈನ್ ಮಾಡುವವನಿಗೆ ಫೋಟೋಶಾಪ್ ಫೈಲೇ ಬೇಕು. ಕೊಂಡಿಟ್ಟ ಶೀಟುಗಳೆಲ್ಲ ಅದರವೇ. ಇಪ್ಪತ್ತು ವರ್ಷ ಒಂದೇ ಕೀಲಿಗಳನ್ನು ಒತ್ತಿದ ಬೆರಳು ಬೇರೆ ಮನೆಯ ಮೆಟ್ಟಿಲಲ್ಲಿ ಎಡವುತ್ತೆ.

ಸಿ.ಎಸ್.6 ದುಡ್ಡು ಕೊಟ್ಟು ಕೊಂಡವರು ಹಳೇ ಕಂಪ್ಯೂಟರನ್ನು ತಾಯಿಯ ಮಾಂಗಲ್ಯದ ಹಾಗೆ ಕಾಪಾಡಿಕೊಂಡಿದ್ದಾರೆ. ಹೊಸ ಕ್ಯಾಮೆರಾದ ಫೈಲು ಅದರಲ್ಲಿ ತೆರೆಯೋಲ್ಲ. ಅದಕ್ಕೂ ಉಪಾಯವಿದೆ. ಅಡೋಬಿಯದ್ದೇ ಡಿ.ಎನ್.ಜಿ. ಕನ್ವರ್ಟರ್ ಪುಕ್ಕಟೆ ಸಿಗುತ್ತೆ, ಅದರಲ್ಲಿ ಬದಲಾಯಿಸಿಕೊಂಡರೆ ಹಳೇ ಗಾಡಿಯೂ ಓಡುತ್ತೆ. ಬಾಡಿಗೆ ಕಟ್ಟುತ್ತಿರುವವರಿಗೂ ಒಂದು ಮಾತು. ಕೆಲಸ ಮುಗಿದ ವಾರವೇ ಒಳ್ಳೊಳ್ಳೆ ಫೋಟೋಗಳನ್ನು ಪೂರ್ತಿ ಗಾತ್ರದ ಟಿಫ್ ಫೈಲಾಗಿ ತೆಗೆದಿಡಿ. ಅದೇ ನಿಮ್ಮ ಇಂದಿನ ಕಬ್ಬಿಣದ ಬೀರು.

ಬಾಡಿಗೆಯ ಪರವಾಗಿಯೂ ನ್ಯಾಯವಾಗಿ ಹೇಳಬೇಕಾದ್ದಿದೆ. ಹೊಸ ಹುಡುಗ ಗಂಟು ಹಣವಿಲ್ಲದೆ, ಕಳ್ಳತನವಿಲ್ಲದೆ ಕೆಲಸ ಶುರು ಮಾಡಬಹುದು. ಹೊಸ ಸೌಕರ್ಯಗಳು ತಾವಾಗಿ ಬರುತ್ತವೆ. ಬೇಡ ಅನ್ನೋಲ್ಲ. ಆದರೆ ಹಲವು ವರ್ಷ ಕಟ್ಟಿದವನು ಬಿಟ್ಟು ಹೋಗುವಾಗ, ಆ ದಿನದ ಆವೃತ್ತಿ ಅವನ ಹತ್ತಿರ ಉಳಿಯಲಿ. ಆಗದ ಮಾತೇನಲ್ಲ. ಪ್ರಾಗ್ ನಗರದ ಜೆಟ್‌ಬ್ರೇನ್ಸ್ ಅನ್ನೋ ಕಂಪೆನಿ 2015ರಲ್ಲಿ ಹೀಗೇ ಬಾಡಿಗೆಗೆ ಇಳಿದಾಗ ಪ್ರೋಗ್ರಾಮ್ ಬರೆಯುವವರು ಗಲಾಟೆ ಮಾಡಿದರು. ಕೊನೆಗೆ, ಒಂದು ವರ್ಷ ಕಟ್ಟಿದವರಿಗೆ ಒಂದು ಆವೃತ್ತಿ ಶಾಶ್ವತ ಅಂತ ಕಂಪೆನಿ ಒಪ್ಪಿತು. ಕೋಡ್ ಬರೆಯುವವರಿಗೆ ಸಿಕ್ಕ ನ್ಯಾಯ ಫೋಟೋ ತೆಗೆಯುವವರಿಗೆ ಯಾಕಿಲ್ಲ?

ಅಡೋಬಿಯವರು ನಮ್ಮ ಪತ್ರಿಕೆ ಓದುತ್ತಾರೋ ಇಲ್ಲವೋ, ನೀವಂತೂ ಓದುತ್ತೀರಿ. ಆದ್ದರಿಂದ ನಿಮಗೇ ಒಂದು ವಿನಂತಿ. ಮಗಳ ಮದುವೆ ಆಲ್ಬಮ್ ಬಾಬ್ತು ಬಾಕಿ ಏನಾದರೂ ಉಳಿಸಿಕೊಂಡಿದ್ದರೆ ಈ ವಾರವೇ ಚುಕ್ತಾ ಮಾಡಿಬಿಡಿ. ನಿರ್ಮಾಪಕ ಮಹಾಶಯರೇ, ನಿಮಗೂ ಸೇರಿಸೇ ಹೇಳ್ತಿದ್ದೀನಿ... ಸ್ಟಿಲ್ಸ್ ಬಿಲ್ಲು ಎಲ್ಲಿದೆ?