ರಕ್ಷಣೆಯ ನಿಶ್ಚಯವೂ ಕಡೇ ವರೆಗಿನ ಸ್ಥಿರತೆಯೂ



ಈ ಶಾಲೆಯನ್ನು ಬಿಟ್ಟುಹೋದ ಹೆಣ್ಣುಮಕ್ಕಳು ಕೆಲವು ವರುಷಗಳ ತರುವಾಯ ತಿರುಗಿ ಬಂದಾಗ, ಕುಶಲಪ್ರಶ್ನೆಗಳೆಲ್ಲಾ ಮುಗಿದ ಮೇಲೆ, ಮೆಲ್ಲನೆ ಕೇಳುವ ಮಾತೊಂದುಂಟು. “ಇಲ್ಲಿದ್ದಾಗ ಪ್ರಾರ್ಥನೆಯಲ್ಲಿ ಮನಸ್ಸು ಕರಗುತ್ತಿತ್ತು. ಈಗ ಮನೆವಾರ್ತೆ, ಮಕ್ಕಳ ಕಾಯಿಲೆ, ಸಾಲದ ಚಿಂತೆ ಇವುಗಳ ನಡುವೆ ಆ ಅನುಭವವು ಬತ್ತಿಹೋಗಿದೆ. ಹಾಗಾದರೆ ನಾನು ರಕ್ಷಣೆಯನ್ನು ಕಳಕೊಂಡೆನೋ?” ಈ ಪ್ರಶ್ನೆಯನ್ನು ಹಗುರವಾಗಿ ಎಣಿಸಲಾಗದು. ಇದಕ್ಕೆ ತಪ್ಪು ಉತ್ತರವನ್ನು ಕೊಟ್ಟರೆ ಒಬ್ಬಳು ನಿರಾಶೆಯಲ್ಲಿ ಮುಳುಗುವಳು, ಇನ್ನೊಬ್ಬಳು ಅಲಕ್ಷ್ಯದಲ್ಲಿ ನಿದ್ರಿಸುವಳು.

ಈ ವಿಷಯವಾಗಿ ಸಭೆಯಲ್ಲಿ ಬಹುಕಾಲದಿಂದ ಎರಡು ಅಭಿಪ್ರಾಯಗಳಿವೆ. ಹಾಲೆಂಡ್ ದೇಶದ ಡೋರ್ಟ್ ಪಟ್ಟಣದಲ್ಲಿ 1618-1619ರಲ್ಲಿ ಕೂಡಿದ ಸಭಾಪರಿಷತ್ತು, ದೇವರು ಆರಿಸಿಕೊಂಡವರನ್ನು ಆತನೇ ಕಡೇ ವರೆಗೆ ಕಾಯುವನೆಂದು ತೀರ್ಮಾನಿಸಿತು. ಜಾನ್ ವೆಸ್ಲಿಯವರಾದರೋ, ವಿಶ್ವಾಸಿಯು ಹಿಂಜರಿದು ಕೃಪೆಯನ್ನು ಕಳಕೊಳ್ಳುವದು ಸಾಧ್ಯವೆಂದು ಬೋಧಿಸಿದರು. ಶ್ರೀವೈಷ್ಣವರ ಮತವು ಬೇರೆಯಾದರೂ ಅವರಲ್ಲಿಯೂ ಇದನ್ನು ಹೋಲುವ ಚರ್ಚೆಯುಂಟು. ಕೋತಿಯ ಮರಿಯು ತಾಯಿಯನ್ನು ತಾನೇ ಅಪ್ಪಿ ಹಿಡಿಯಬೇಕು; ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುವದು. ಇವುಗಳಲ್ಲಿ ಭಕ್ತನು ಯಾವದರ ಹಾಗಿರುವನು ಎಂಬದೇ ಅವರ ಪ್ರಶ್ನೆ.

ಸತ್ಯವೇದದಲ್ಲಿ ಎರಡು ಬಗೆಯ ಮಾತುಗಳೂ ಇವೆ. ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಕರ್ತನು ತನ್ನ ಕುರಿಗಳನ್ನು ಯಾರೂ ತನ್ನ ಕೈಯಿಂದ ಕಸಕೊಳ್ಳಲಾರರೆಂದು ಹೇಳುತ್ತಾನೆ. ಇಬ್ರಿಯರ ಪತ್ರಿಕೆಯ 6ನೆಯ ಅಧ್ಯಾಯವಾದರೋ ತಿರುಗಿಬೀಳುವವರನ್ನು ಭಯಂಕರವಾಗಿ ಎಚ್ಚರಿಸುತ್ತದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವದು ನ್ಯಾಯವಲ್ಲ. ಬಾವಿಕಟ್ಟೆಯ ಬಳಿ ಆಡುವ ಮಗುವನ್ನು ತಾಯಿಯು ಗದರಿಸುವದು ಅದನ್ನು ಕೈಬಿಡುವದಕ್ಕೋ? ಕಾಯುವದಕ್ಕಲ್ಲವೇ? ದೇವರ ಎಚ್ಚರಿಕೆಯೂ ಆತನು ನಮ್ಮನ್ನು ಕಾಯುವ ಸಾಧನಗಳಲ್ಲಿ ಒಂದಾಗಿದೆ ಎಂಬದು ನನ್ನ ಅಭಿಪ್ರಾಯ. ಆ ಮಾತಿಗೆ ನಡುಗುವ ಹೃದಯವು ಇನ್ನೂ ಜೀವವುಳ್ಳ ಹೃದಯವೇ.

ಪೇತ್ರನನ್ನು ನೋಡಿರಿ. ಅವನು ಕರ್ತನನ್ನು ಮೂರು ಸಾರಿ ಅಲ್ಲಗಳೆದನು. ಆದರೆ ಅವನ ನಂಬಿಕೆಯು ಕುಂದಬಾರದೆಂದು ಕರ್ತನು ಅದಕ್ಕಿಂತ ಮುಂಚೆಯೇ ಪ್ರಾರ್ಥಿಸಿದ್ದನೆಂದು ಲೂಕನು ಬರೆದಿದ್ದಾನೆ. ಬೀಳುವದಕ್ಕೆ ಮೊದಲೇ ಎತ್ತುವ ಕೈ ಸಿದ್ಧವಾಗಿತ್ತು. ಆದಾಗ್ಯೂ ಪೇತ್ರನು ಆ ರಾತ್ರಿ ನಕ್ಕು ಹೊರಟುಹೋಗಲಿಲ್ಲ. ಬಹು ವ್ಯಥೆಪಟ್ಟು ಅತ್ತನು. ಆ ಕಣ್ಣೀರು ರಕ್ಷಣೆಯ ಬೆಲೆಯಲ್ಲ, ಅದರ ಗುರುತು.

ನಿಶ್ಚಯವೆಂದರೆ ಮನಸ್ಸಿನ ಉಲ್ಲಾಸವೇ ಎಂದು ಎಣಿಸುವವರಿಗೆ ಎರಡು ಚರಿತ್ರೆಗಳನ್ನು ಹೇಳುವೆನು. ವೆಸ್ಲಿಯವರು 1738ನೆಯ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಪಾಪಕ್ಷಮೆಯ ನಿಶ್ಚಯವನ್ನು ಹೊಂದಿದರು. ಆದರೂ 1739ರ ಜನವರಿಯಲ್ಲಿ, ತಾನು ಕ್ರೈಸ್ತನಲ್ಲವೆಂದು ತಮ್ಮ ದಿನಚರಿಯಲ್ಲಿ ಬರೆದುಕೊಂಡರು! ಹಾಗೆಂದು ಸೇವೆಯನ್ನು ನಿಲ್ಲಿಸಲಿಲ್ಲ. 1791ರಲ್ಲಿ ತೀರಿಕೊಳ್ಳುವ ವರುಷದ ವರೆಗೂ ಸುವಾರ್ತೆಯನ್ನು ಸಾರಿದರು.

ಇನ್ನೊಬ್ಬರು ಕವಿ ವಿಲಿಯಂ ಕೂಪರ್. ಇವರು ಜಾನ್ ನ್ಯೂಟನ್ ಪಾದ್ರಿಯವರ ಸಂಗಡ ಬರೆದ ಕೀರ್ತನೆಗಳ ಪುಸ್ತಕವು 1779ರಲ್ಲಿ ಅಚ್ಚಾಗಿ ಲೋಕವೆಲ್ಲಾ ಹಬ್ಬಿತು. ಆದರೆ 1773ರಲ್ಲಿ ಅವರ ಮನಸ್ಸು ರೋಗಕ್ಕೆ ಸಿಕ್ಕಿ, ದೇವರು ತನ್ನನ್ನು ತಳ್ಳಿಬಿಟ್ಟನೆಂಬ ಭಾವನೆಯು ಬೇರೂರಿತು. 1800ರಲ್ಲಿ ಸಾಯುವ ವರೆಗೂ ಅದು ಅವರನ್ನು ಪೂರ್ಣವಾಗಿ ಬಿಡಲಿಲ್ಲ. ಅವರ ಕೀರ್ತನೆಗಳಿಂದ ಎಷ್ಟೋ ಮಂದಿ ಆದರಣೆ ಹೊಂದುತ್ತಿರಲು ಅವರಿಗೆ ಮಾತ್ರ ಬೆಳಕು ಕಾಣಲಿಲ್ಲ. ಹಾಗಾದರೆ ದೇವರು ಅವರನ್ನು ಬಿಟ್ಟನೋ? ನಾನು ಹಾಗೆ ನಂಬಲಾರೆನು. ಮೋಡ ಕವಿದ ದಿನ ಸೂರ್ಯನು ಸತ್ತನೆನ್ನುವವರುಂಟೇ?

ಆ ಕಾಲದಲ್ಲಿ ನ್ಯೂಟನರು ಮಾಡಿದ್ದನ್ನು ನಾವು ಮರೆಯಬಾರದು. ಅವರು ತರ್ಕದಿಂದ ಗೆಲ್ಲಲು ನೋಡಿದ್ದು ಮಾತ್ರವಲ್ಲ. ಕೂಪರರನ್ನು ತಮ್ಮ ಮನೆಯಲ್ಲಿಯೇ ಒಂದು ವರುಷಕ್ಕೂ ಮಿಕ್ಕಿ ಇಟ್ಟುಕೊಂಡು ಉಪಚರಿಸಿದರು. ಸಂದೇಹದಲ್ಲಿರುವ ಸಹೋದರಿಗೆ ನಾವು ಏನು ಮಾಡುತ್ತೇವೆ? ಆಲಯಕ್ಕೆ ಬರುವದನ್ನು ಬಿಟ್ಟವಳ ನಂಬಿಕೆಯನ್ನು ಅಂಗಳದಲ್ಲಿ ನಿಂತು ಅಳೆಯುವದಕ್ಕಿಂತ, ಅವಳ ಮನೆಗೆ ಹೋಗಿ ಅವಳ ಮಗುವನ್ನು ಒಂದು ಗಳಿಗೆ ಎತ್ತಿಕೊಳ್ಳುವದು ಹೆಚ್ಚಿನ ಸುವಾರ್ತೆಯಾದೀತು. ದೇವರು ತನ್ನವರನ್ನು ಕಾಯುವದು ಅನೇಕ ವೇಳೆ ಅವರ ಒಡಹುಟ್ಟಿದವರಂಥವರ ಕೈಗಳಿಂದಲೇ.

ತಾಯಿತಂದೆಗಳಿಗೂ ಒಂದು ಮಾತು. ದೀಕ್ಷಾಸ್ನಾನದ ದಾಖಲೆಯಲ್ಲಿ ಮಗಳ ಹೆಸರಿದೆ, ಸತ್ಯವೇದದ ಪರೀಕ್ಷೆಯಲ್ಲಿ ಬಹುಮಾನ ಬಂದಿದೆ ಎಂದು ನಿಶ್ಚಿಂತರಾಗಬೇಡಿರಿ. ಅವು ಒಳ್ಳೆಯವೇ, ಆದರೆ ನಂಬಿಕೆಯು ಪೆಟ್ಟಿಗೆಯಲ್ಲಿ ಮಡಿಸಿಡುವ ವಸ್ತ್ರವಲ್ಲ. ಮನೆಯಲ್ಲಿ ದಿನದಿನದ ಪ್ರಾರ್ಥನೆಯೂ ಸತ್ಯವಾದ ನಡತೆಯೂ ಇಲ್ಲದಿದ್ದರೆ ಶಾಲೆಯು ಬಿತ್ತಿದ್ದಕ್ಕೆ ನೀರೆಲ್ಲಿಂದ ಬರುವದು?

ಮೊದಲು ಹೇಳಿದ ಸಹೋದರಿಗೆ ನನ್ನ ಉತ್ತರವಿದು: ಅಮ್ಮಾ, ಬೆಳಗಾತ ಒಲೆಯ ಬೂದಿಯನ್ನು ಕೆದಕಿದಾಗ ಕೆಂಡವು ಸಿಕ್ಕುವದನ್ನು ನೀನು ಬಲ್ಲೆ. ಕಳಕೊಂಡೆನೋ ಎಂದು ದುಃಖಪಡುವ ನಿನ್ನ ಪ್ರಶ್ನೆಯೇ ಆ ಕೆಂಡ. ನಿನ್ನ ಹಿಡಿತವು ಎಷ್ಟು ಬಿಗಿಯೆಂದು ನೋಡುತ್ತಾ ಕೂಡ್ರಬೇಡ. ನಿನ್ನನ್ನು ಹಿಡಿದಿರುವಾತನನ್ನು ನೋಡು. ಅನಂತರ ಎದ್ದು, ಚಿಕ್ಕ ಪ್ರಾರ್ಥನೆಯನ್ನಾದರೂ ಮಾಡಿ, ಇಂದಿನ ಕೆಲಸವನ್ನು ಆತನಿಗಾಗಿ ಮಾಡು. ಒಳ್ಳೇ ಕಾರ್ಯವನ್ನು ಪ್ರಾರಂಭಿಸಿದಾತನು ಅದನ್ನು ಅರ್ಧಕ್ಕೆ ಬಿಡುವವನಲ್ಲ.